ಹಿತ್ತಲಿನ ತೋಟಕ್ಕೆ ಮಳೆನೀರು: ಡ್ರಮ್ಮೋ, ಹೊಂಡವೋ, ರಿಂಗ್ ತೊಟ್ಟಿಯೋ?

ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ಮಾಡಿನ ಅಂಚಿನಿಂದ ದಬದಬ ಸುರಿಯುವ ನೀರು ನೋಡಿ ‘ಇದನ್ನೆಲ್ಲ ಹಿಡಿದಿಟ್ಟುಕೊಳ್ಳುವ ಹಾಗಿದ್ದರೆ’ ಅಂದುಕೊಳ್ಳದವರು ಕೊಡಗಿನಲ್ಲಿ ಕಡಿಮೆ. ಅದೇ ಮನೆಯ ಹಿತ್ತಲಿನಲ್ಲಿ ಫೆಬ್ರವರಿ ಹೊತ್ತಿಗೆ ಬಸಳೆ ಬಳ್ಳಿ ಜೋತು ಬಿದ್ದಿರುತ್ತದೆ, ಆಂಥೂರಿಯಂ ಎಲೆಯ ಅಂಚು ಸುಟ್ಟಂತಾಗಿರುತ್ತದೆ, ಬಾವಿಯ ನೀರು ತಳ ಕಂಡಿರುತ್ತದೆ.

ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಡ್ರಮ್, ಹೊಂಡ, ಸಿಮೆಂಟ್ ರಿಂಗಿನ ತೊಟ್ಟಿ ಮೂರನ್ನೂ ಒಂದಾದ ಮೇಲೆ ಒಂದರಂತೆ ಮಾಡಿದ್ದೇವೆ. ಎಲ್ಲ ಆದ ಮೇಲೆ ಒಂದು ವಿಷಯ ಗಟ್ಟಿಯಾಗಿ ಹೇಳಬಲ್ಲೆ. ನಮ್ಮ ಜಿಲ್ಲೆಯಲ್ಲಿ ತೊಟ್ಟಿಯ ಗಾತ್ರವನ್ನು ಮಳೆ ನೋಡಿ ತೀರ್ಮಾನಿಸಿದರೆ ದುಡ್ಡು ದಂಡ. ಮಳೆ ಇಲ್ಲದ ದಿನಗಳನ್ನು ಎಣಿಸಿ ತೀರ್ಮಾನಿಸಬೇಕು.

ಮೊದಲು ಎರಡು ಲೆಕ್ಕ

ಒಂದು, ಮಾಡು ಎಷ್ಟು ನೀರು ಕೊಡುತ್ತದೆ. ಕಾಫಿ ಬೆಳೆಯುವ ನಮಗೆ ಮಳೆಯನ್ನು ಇಂಚು, ಸೆಂಟಿನಲ್ಲೇ ಅಳೆದು ರೂಢಿ. ನೂರು ಸೆಂಟ್ ಅಂದರೆ ಒಂದು ಇಂಚು. ನೂರು ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 236 ಲೀಟರ್ ನೀರು. ಹೆಂಚು ಹೀರಿಕೊಂಡದ್ದು, ಸಿಡಿದು ಹೋದದ್ದು ಎಂದು ಐದನೇ ಒಂದು ಭಾಗ ಕಳೆಯಿರಿ. ಉಳಿಯುವುದು ಹತ್ತಿರಹತ್ತಿರ 200 ಲೀಟರ್, ಅಂದರೆ ಒಂದು ಡ್ರಮ್. ನೂರು ಅಡಿಗೆ, ಒಂದು ಇಂಚಿಗೆ, ಒಂದು ಡ್ರಮ್: ಇಷ್ಟು ನೆನಪಿಟ್ಟುಕೊಂಡರೆ ಸಾಕು. ಅಡುಗೆಮನೆಯ ಕಡೆಯ 300 ಚದರ ಅಡಿ ಮಾಡೊಂದೇ ಒಂದು ಇಂಚಿನ ಮಳೆಗೆ ಮೂರು ಡ್ರಮ್ ತುಂಬಿಸುತ್ತದೆ.

ಎರಡು, ತೋಟಕ್ಕೆ ಎಷ್ಟು ಬೇಕು. ನೂರು ಚದರ ಅಡಿಯ ತರಕಾರಿ ಪಾತಿಗೆ ಬೇಸಿಗೆಯಲ್ಲಿ ದಿನಕ್ಕೆ 35 ಲೀಟರ್‌ವರೆಗೂ ಬೇಕಾಗುತ್ತದೆ. ಬುಡಕ್ಕೆ ತರಗೆಲೆ ದಪ್ಪಗೆ ಹಾಸಿದರೆ 25ರಲ್ಲಿ ನಡೆಯುತ್ತದೆ. ದೊಡ್ಡ ಚಟ್ಟಿಯ ಗಿಡಗಳಿಗೆ ತಲಾ ಒಂದು ಲೀಟರ್ ಇಟ್ಟುಕೊಳ್ಳಿ. ಡಿಸೆಂಬರ್ ಮಧ್ಯದಿಂದ, ಕಾಫಿ ಹೂ ಅರಳಿಸುವ ಹೂ ಮಳೆ ಬರುವ ಮಾರ್ಚ್‌ವರೆಗೆ 90 ದಿನ. 25 ಲೀಟರಿನಂತೆ 2,250 ಲೀಟರ್ ಆಯಿತು. ಭಾಗಮಂಡಲದ ಕಡೆಯವರಿಗೂ ಕುಶಾಲನಗರದವರಿಗೂ ಬೀಳುವ ಮಳೆಯಲ್ಲಿ ಅಜಗಜಾಂತರ ಇದೆ, ಆದರೆ ಈ ಒಣ ತಿಂಗಳು ಇಬ್ಬರಿಗೂ ಉಂಟು. ಹಾಗಾಗಿ ತೊಟ್ಟಿಯ ಲೆಕ್ಕದಲ್ಲಿ ಅಂಥಾ ವ್ಯತ್ಯಾಸ ಬರುವುದಿಲ್ಲ.

ಡ್ರಮ್: ಶುರುವಿಗೆ ಇದೇ ಸರಿ

ಹತ್ತು ಹದಿನೈದು ಚಟ್ಟಿ, ಒಂದು ಸಣ್ಣ ಪಾತಿ ಇದ್ದವರಿಗೆ ಒಂದೆರಡು ಹಳೇ ಡ್ರಮ್ ಒಳ್ಳೆಯ ಆರಂಭ. ಆದರೆ ಅದರಲ್ಲಿ ಮೊದಲು ಏನಿತ್ತು ಎಂದು ಕೇಳದೆ ತರಬೇಡಿ. ನಮ್ಮೂರಿನಲ್ಲಿ ಸುಲಭವಾಗಿ ಸಿಗುವ ಡ್ರಮ್ಮುಗಳು ತೋಟದವೇ: ಔಷಧಿ ಬೆರೆಸಿದವು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸಿದವು. ನಾನು ಮೊದಲ ಸಲ ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ತಂದು, ಸೋಪು ಹಾಕಿ ಮೂರು ಸಲ ತೊಳೆದು ತುಂಬಿಸಿದೆ. ಹದಿನೈದೇ ದಿನದಲ್ಲಿ ಅಲಸಂದೆಯ ಚಿಗುರು ಮುರುಟಿಕೊಂಡಿತು. ಬಿಸಿಲಿಗೆ ಕಾದ ಡ್ರಮ್ಮಿನ ಮುಚ್ಚಳ ತೆಗೆದು ಮೂಗು ಹತ್ತಿರ ಹಿಡಿದಾಗ ಔಷಧಿಯ ಘಾಟು ಹಾಗೇ ಇತ್ತು. ಪ್ಲಾಸ್ಟಿಕ್ ವಾಸನೆಯನ್ನು ಹೀರಿಟ್ಟುಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಎಣ್ಣೆ, ಬೆಲ್ಲದ ಪಾಕ, ಉಪ್ಪಿನಕಾಯಿ, ಹಣ್ಣಿನ ರಸ ಇಂಥವು ಬಂದಿದ್ದ ಡ್ರಮ್ ಆರಿಸಿ. ಮುಚ್ಚಿಟ್ಟು ಒಂದು ದಿನ ಬಿಸಿಲಿಗೆ ಇಟ್ಟು, ಆಮೇಲೆ ಮೂಸಿ ನೋಡಿಯೇ ದುಡ್ಡು ಕೊಡಿ.

ಬಣ್ಣ ಗಾಢವಾಗಿದ್ದಷ್ಟೂ ಪಾಚಿ ಕಡಿಮೆ. ಕಬ್ಬಿಣದ ಪಂಜರದೊಳಗೆ ಕೂರಿಸಿದ ಸಾವಿರ ಲೀಟರಿನ ಬಿಳಿ ಟ್ಯಾಂಕ್ ಹಳೆಯದು ಸಿಕ್ಕಿದರೆ ಡ್ರಮ್ಮಿಗಿಂತ ಲಾಭ, ಆದರೆ ಬೆಳಕು ಒಳಗೆ ಹೋಗಿ ನೀರು ಹಸಿರಾಗುತ್ತದೆ. ಸುತ್ತ ಗೋಣಿಚೀಲ ಕಟ್ಟಿ ಅಥವಾ ಕಪ್ಪು ಬಣ್ಣ ಬಳಿಯಿರಿ.

ತುಂಬಿದ ಡ್ರಮ್ 200 ಕಿಲೋಗಿಂತ ಜಾಸ್ತಿ ತೂಗುತ್ತದೆ. ಮಳೆಗಾಲದ ಮೆದು ಮಣ್ಣಿನಲ್ಲಿ ಒಂದು ಕಡೆ ಇಳಿದು ಮಗುಚುವುದು ಸಾಮಾನ್ಯ. ನೆಲ ದಮ್ಮಸು ಹಾಕಿ, ಸಿಮೆಂಟ್ ಬ್ಲಾಕನ್ನು ಎರಡು ವರಸೆ ಇಟ್ಟು ಅದರ ಮೇಲೆ ಕೂರಿಸಿ. ನಲ್ಲಿಯ ಕೆಳಗೆ ಕೊಡ ಹಿಡಿಯಲೂ ಜಾಗ ಸಿಗುತ್ತದೆ. ನಲ್ಲಿಯನ್ನು ತಳದಿಂದ ನಾಲ್ಕು ಬೆರಳು ಮೇಲೆ ಟ್ಯಾಂಕ್ ನಿಪ್ಪಲ್, ಎರಡು ರಬ್ಬರ್ ವಾಷರ್ ಹಾಕಿ ಕೂರಿಸಿದರೆ ಅಡಿಯ ಕೆಸರು ಹೊರಗೆ ಬರುವುದಿಲ್ಲ.

ಹೊಂಡ: ಲೀಟರಿಗೆ ಅತಿ ಅಗ್ಗ, ಜಾಗ ಮಾತ್ರ ಸರಿ ಇರಬೇಕು

ಯಾವುದನ್ನೇ ಕೊಳ್ಳುವ ಮುಂಚೆ ಬೆಲೆಗೆ ಸಾಗಾಟ, ಕೂಲಿ ಸೇರಿಸಿ ಲೀಟರಿನಿಂದ ಭಾಗಿಸಿ ನೋಡಿ. ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಎಲ್ಲಕ್ಕಿಂತ ಕೆಳಗೆ ಬರುತ್ತದೆ. 8 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಆಳದ ಹೊಂಡದಲ್ಲಿ ಸುಮಾರು 3,400 ಲೀಟರ್ ನಿಲ್ಲುತ್ತದೆ. ಹಾಳೆ ಅಳೆಯುವಾಗ ಉದ್ದಕ್ಕೆ ಆಳದ ಎರಡು ಪಟ್ಟು ಸೇರಿಸಿ, ಅಂಚಿನಲ್ಲಿ ಮಣ್ಣಿನಡಿ ಹೂಳಲು ಎರಡೂ ಕಡೆ ಒಂದೂವರೆ ಅಡಿ ಬಿಡಿ. ಅಗಲಕ್ಕೂ ಹಾಗೇ. ಈ ಹೊಂಡಕ್ಕೆ 17 ಅಡಿಗೆ 14 ಅಡಿ ಹಾಳೆ ಬೇಕು. ಕಣದಲ್ಲಿ ಕಾಫಿ ಒಣಗಿಸಿದ ಹಳೇ ಟಾರ್ಪಾಲು ಸಾಕೆಂದು ನಾವೂ ಹಾಸಿದ್ದೆವು. ಸೂಜಿಮೊನೆಯ ತೂತುಗಳಲ್ಲಿ ನೀರೆಲ್ಲ ಒಂದೇ ವಾರದಲ್ಲಿ ಇಂಗಿತು. ಹೊಸ ದಪ್ಪ ಹಾಳೆಯೇ ಬೇಕು. ಬೇರಿನ ಮೊನೆ, ಕಲ್ಲಿನ ಚೂಪು ತೆಗೆದು ಅಡಿಗೆ ಗೋಣಿಚೀಲ ಹಾಸಿ ಆಮೇಲೆ ಹಾಳೆಯನ್ನು ಬಿಡಿಸಬೇಕು.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಹೆಚ್ಚಿನ ಮನೆಗಳು ಗುಡ್ಡ ಕಡಿದು ಮಾಡಿದ ತಟ್ಟಿನ ಮೇಲಿವೆ, ಹಿಂದೆ ಬರೆ (ಕಡಿದ ಗುಡ್ಡದ ಕಡಿದಾದ ಮಣ್ಣಿನ ಗೋಡೆ), ಮುಂದೆ ಇಳಿಜಾರು. ಬರೆಯ ಮೇಲೆ ಹೊಂಡ ತೋಡಲೇಬಾರದು. ಹಾಳೆ ಹರಿದು ಒಂದು ಮೂಲೆಯಲ್ಲಿ ನೀರು ಇಂಗತೊಡಗಿದರೆ ಮಣ್ಣು ಒಳಗೊಳಗೇ ಸಡಿಲವಾಗುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ನೀರು ಕುಡಿದ ಮಣ್ಣು ಏನು ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಂದ ದೂರದ ಸಮತಟ್ಟು ಜಾಗ, ಕೆಳಗೆ ಯಾರ ಮನೆಯೂ ಇಲ್ಲ ಎಂದಿದ್ದರೆ ಮಾತ್ರ ಹೊಂಡ. ಇಲ್ಲದಿದ್ದರೆ ಆ ಯೋಚನೆಯನ್ನೇ ಬಿಡಿ.

ಹೊಂಡದ ಮೇಲೆ ಅಡಿಕೆ ದಬ್ಬೆಯ ಚೌಕಟ್ಟು ಮಾಡಿ ತೆಂಗಿನ ಗರಿ ಹೊದಿಸಿ. ಬಿಟ್ಟರೆ ಮೂರು ತಿಂಗಳಲ್ಲಿ ಒಂದಡಿಯಷ್ಟು ನೀರು ಬರೇ ಬಿಸಿಲಿಗೇ ಹೋಗುತ್ತದೆ. ಮಕ್ಕಳಿರುವ ಮನೆಯಾದರೆ ಸುತ್ತ ಬೇಲಿಯೂ ಬೇಕು. ಆನೆ ಓಡಾಡುವ ಕಾಡಂಚಿನವರು ತೆರೆದ ನೀರು ಇಡದಿರುವುದೇ ಒಳ್ಳೆಯದು.

ರಿಂಗ್ ತೊಟ್ಟಿ: ನನ್ನ ಆಯ್ಕೆ

ಬಾವಿಗೆ ಇಳಿಸುವ ಸಿಮೆಂಟ್ ರಿಂಗನ್ನೇ ನೆಲದ ಮೇಲೆ ಒಂದರ ಮೇಲೊಂದು ಪೇರಿಸಿ ಮಾಡುವ ತೊಟ್ಟಿ ಇದು. ಒಳಗೆ 4 ಅಡಿ ಅಗಲ, ಒಂದಡಿ ಎತ್ತರದ ಒಂದು ರಿಂಗಿನಲ್ಲಿ 355 ಲೀಟರ್ ಹಿಡಿಯುತ್ತದೆ. ಐದು ಪೇರಿಸಿದರೆ 1,775, ಆರಕ್ಕೆ 2,130. ನಮ್ಮ 2,250 ಲೀಟರಿನ ಲೆಕ್ಕಕ್ಕೆ ಆರು ರಿಂಗು ಮತ್ತು ಒಂದು ಡ್ರಮ್. ಸೂರಿನ ಎತ್ತರ ಸಾಲದಿದ್ದರೆ ಐದೇ ಇಟ್ಟು ಡ್ರಮ್ ಹೆಚ್ಚಿಸಿ. ಖರ್ಚು ಹೊಂಡಕ್ಕಿಂತ ಜಾಸ್ತಿ, ಆದರೆ ಹಾಳೆಯಂತೆ ಮತ್ತೆ ಮತ್ತೆ ಬದಲಿಸಬೇಕಾಗಿಲ್ಲ.

ಅಡಿಪಾಯದಲ್ಲಿ ಜಿಪುಣತನ ಬೇಡ. ಕಡಿದ ಗಟ್ಟಿ ನೆಲದ ಮೇಲೇ ಕಾಂಕ್ರೀಟ್ ಹಾಕಿ. ಮಣ್ಣು ತುಂಬಿಸಿದ ಅಂಗಳದ ಅಂಚು ನೋಡಲು ಸಮ ಇದ್ದರೂ ಎರಡು ಟನ್ನಿನ ಭಾರಕ್ಕೆ ಕುಸಿಯುತ್ತದೆ, ರಿಂಗಿನ ಸಂದು ಬಾಯಿ ಬಿಡುತ್ತದೆ. ಸಂದುಗಳಿಗೆ ಗಾರೆ, ಒಳಗೆಲ್ಲ ನುಣ್ಣಗೆ ಪ್ಲಾಸ್ಟರು, ವಾರವಿಡೀ ಕ್ಯೂರಿಂಗ್. ಮೊದಲ ಸಲ ತುಂಬಿದ ನೀರನ್ನು ಒಂದು ವಾರ ನಿಲ್ಲಿಸಿ ಹೊರಗೆ ಬಿಡಿ. ಹೊಸ ಸಿಮೆಂಟಿನ ಸುಣ್ಣದ ಅಂಶ ಆರ್ಕಿಡ್, ಆಂಥೂರಿಯಂಗಳಿಗೆ ಆಗುವುದಿಲ್ಲ.

ಪೈಪ್ ಜೋಡಿಸುವಾಗ

ಸೂರಿನಿಂದ ಇಳಿಯುವ ಪೈಪಿಗೆ ಒಂದು ಟೀ (T ಆಕಾರದ ಕವಲು ಜೋಡಣೆ) ಹಾಕಿ, ಆರಡಿ ಉದ್ದದ 4 ಇಂಚಿನ ಪೈಪನ್ನು ನೆಟ್ಟಗೆ ಇಳಿಬಿಟ್ಟು ಬುಡಕ್ಕೆ ಎಂಡ್ ಕ್ಯಾಪ್ ಮುಚ್ಚಿ. ಮೊದಲ 15 ಲೀಟರ್ ಅದರಲ್ಲಿ ತುಂಬಿಕೊಳ್ಳುತ್ತದೆ. ಸಿಲ್ವರ್ ಓಕಿನ ಎಲೆ, ಒಲೆಯ ಮಸಿ, ಹಕ್ಕಿಯ ಹಿಕ್ಕೆ ಎಲ್ಲ ಅಲ್ಲೇ ಉಳಿಯುತ್ತದೆ. ಮಳೆ ನಿಂತ ಮೇಲೆ ಕ್ಯಾಪ್ ಬಿಚ್ಚಿ ಖಾಲಿ ಮಾಡಿ.

ತೊಟ್ಟಿಯ ಬಾಯಿಗೆ, ತುಂಬಿ ಹೊರಹೋಗುವ ಪೈಪಿಗೆ ಎರಡಕ್ಕೂ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ ಹತ್ತು ದಿನ ಸಾಕು.

ಹೊರಹೋಗುವ ಪೈಪ್ ಒಳಬರುವ ಪೈಪಿನಷ್ಟೇ ದಪ್ಪ ಇರಲಿ. ಜುಲೈಯಲ್ಲಿ ಒಂದೇ ದಿನ ಎಂಟು ಇಂಚು ಸುರಿದರೆ 300 ಅಡಿಯ ಮಾಡಿನಿಂದ 24 ಡ್ರಮ್ ನೀರು ಬರುತ್ತದೆ. ಅಷ್ಟನ್ನು ಯಾವ ತೊಟ್ಟಿಯೂ ಹಿಡಿಯದು. ಆ ನೀರನ್ನು ಬರೆಯ ಕಡೆಗೂ ಪಕ್ಕದವರ ಅಂಗಳಕ್ಕೂ ಬಿಡದೆ ಕಲ್ಲು ಕಟ್ಟಿದ ಚರಂಡಿಗೆ ಮುಟ್ಟಿಸಿ. ನಾವಂತೂ ಕಕ್ಕಡ ಪೂರ್ತಿ ಪೈಪನ್ನು ತೊಟ್ಟಿಯಿಂದ ತಪ್ಪಿಸಿಯೇ ಇಡುತ್ತೇವೆ.

ಕೊಡವರ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ ಒಂದು ಬಿಸಿಲಿನ ದಿನ ನೋಡಿ ತೊಟ್ಟಿಯೊಳಗೆ ಇಳಿದು ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಆಸುಪಾಸಿನ ಮಳೆಗೆ ಪೈಪ್ ಮತ್ತೆ ಜೋಡಿಸಿದರೆ ಧೂಳಿಲ್ಲದ ಮಾಡಿನ ತಿಳಿನೀರು ತುಂಬುತ್ತದೆ. ಆಮೇಲೆ ಒಂದು ಬಿದಿರು ಕೋಲಿಗೆ ಅಡಿಗೊಂದು ಗೀಟು ಹಾಕಿ ತೊಟ್ಟಿಯ ಪಕ್ಕ ಇಟ್ಟುಕೊಳ್ಳಿ. ಆರು ರಿಂಗಿನ ತೊಟ್ಟಿಯಾದರೆ ಎರಡು ವಾರಕ್ಕೆ ಒಂದು ಗೀಟು ಇಳಿಯಬೇಕು. ಜನವರಿ ಮಧ್ಯದೊಳಗೆ ಮೂರು ಇಳಿದಿದ್ದರೆ ಸೊಪ್ಪಿನ ಪಾತಿ ಒಂದನ್ನು ಖಾಲಿ ಬಿಟ್ಟು, ಉಳಿದದ್ದನ್ನು ಸೂಜಿಮೆಣಸು, ಬದನೆಗೆ ಇಟ್ಟುಕೊಳ್ಳಿ.