ಹಳೆಯ ಬೈಕಿನ ‘ಟಕ್ ಟಕ್’ ಸದ್ದಿನ ಬೆನ್ನುಹತ್ತಿ

ನನ್ನಲ್ಲಿರುವುದು ಒಂದೇ ಸಿಲಿಂಡರಿನ, ಕಿಕ್ ಹೊಡೆದು ಚಾಲೂ ಮಾಡುವ ಹಳೆಯ ಫೋರ್ ಸ್ಟ್ರೋಕ್ ಬೈಕು. ಅದರ ಎಂಜಿನ್ ಸದ್ದಿಲ್ಲದೆ ಓಡಿದ್ದು ಯಾವತ್ತೂ ಇಲ್ಲವಾದರೂ ಅದರ ಸದ್ದುಗಳೆಲ್ಲ ನನಗೆ ಪರಿಚಿತವಾಗಿದ್ದವು. ಹಾಗಾಗಿ ಐಡ್ಲಿಂಗಿನಲ್ಲಿ, ಅಂದರೆ ಬೈಕು ನಿಂತಲ್ಲೇ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ, ಹೊಸದೊಂದು ಗಟ್ಟಿ ಬಡಿತ ಸೇರಿಕೊಂಡಾಗ ಅದನ್ನು ಅಲಕ್ಷಿಸಲಾಗಲಿಲ್ಲ. ಅದನ್ನು ಕೇಳಿದ ಮೆಕ್ಯಾನಿಕ್ ಒಬ್ಬರು ಅರ್ಧ ನಿಮಿಷದಲ್ಲೇ, ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಎಂದರು. ಆ ಬಡಿತದ ಗಡಸುತನಕ್ಕೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ಆದರೂ ಕ್ರ್ಯಾಂಕಿನ ಹೊರಕವಚವಾದ ಕ್ರ್ಯಾಂಕ್ ಕೇಸನ್ನು ಇಬ್ಭಾಗ ಮಾಡುವ ಮೊದಲು ಹೊರಗಿನಿಂದ ತಿಳಿಯಬಹುದಾದದ್ದನ್ನೆಲ್ಲ ತಿಳಿದುಕೊಳ್ಳೋಣವೆಂದು ಬೈಕನ್ನು ಮನೆಗೆ ತಂದೆ.

ಮೊದಲು ಸುಲಭದ ಕೆಲಸಗಳನ್ನು ಮುಗಿಸಿದೆ. ಎಂಜಿನ್ ತಣ್ಣಗಿದ್ದಾಗ ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ಹಾಕಿ ನೋಡಿದರೆ, 0.08 ಮಿ.ಮೀ. ಇರಬೇಕಾದ ಎಕ್ಸಾಸ್ಟ್ ಟ್ಯಾಪೆಟ್ಟಿನ (ಹೊಗೆ ಹೊರಬಿಡುವ ವಾಲ್ವನ್ನು ಒತ್ತುವ ಭಾಗದ) ಸಂದು 0.15 ಮಿ.ಮೀ. ಆಗಿತ್ತು. ಅದನ್ನು ಸರಿಪಡಿಸಿದಾಗ ಚಿಟಿಚಿಟಿ ಸದ್ದು ನಿಂತಿತೇ ಹೊರತು ಬಡಿತ ನಿಲ್ಲಲಿಲ್ಲ. ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವಲ್ಲಿ ಗಾಳಿ ಸೋರಿದರೂ ಇಂಥ ಸದ್ದು ಬರುವುದುಂಟು; ಸೋಪಿನ ನೀರು ಸವರಿದಾಗ ಅಲ್ಲಿ ಗುಳ್ಳೆಯೇಳಲಿಲ್ಲ.

ಆಮೇಲೆ ಎಲ್ಲರೂ ಮಾಡುವಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳಿದೆ. ಎರಡು ದಿನ ದಾರಿ ತಪ್ಪಿದ್ದು ಇಲ್ಲಿಯೇ. ಅಲ್ಯೂಮಿನಿಯಂ ಕೇಸ್ ಸದ್ದನ್ನು ಎಲ್ಲೆಡೆಗೂ ಹೊತ್ತೊಯ್ಯುವುದರಿಂದ ಸಿಲಿಂಡರಿನ ಬುಡದಲ್ಲಿ ಎಷ್ಟು ಜೋರಾಗಿ ಕೇಳಿಸುತ್ತಿತ್ತೋ ಎಡಬದಿಯ ಮುಚ್ಚಳದ ಮೇಲೂ ಅಷ್ಟೇ ಜೋರಾಗಿ ಕೇಳಿಸುತ್ತಿತ್ತು. ಸದ್ದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳತೊಡಗಿದ ಮೇಲಷ್ಟೇ ಕೆಲಸ ಮುಂದೆ ಸಾಗಿತು.

ಕ್ಲಚ್ ಹಿಡಿದರೂ ಬಿಟ್ಟರೂ ಬಡಿತ ಬದಲಾಗುತ್ತಿರಲಿಲ್ಲವಾದ್ದರಿಂದ ಕ್ಲಚ್ಚು, ಗೇರ್‌ಬಾಕ್ಸುಗಳ ಮೇಲಿನ ಅನುಮಾನ ಕಡಿಮೆಯಾಯಿತು. ಸವೆದ ಪಿಸ್ಟನ್ನಿನ ಸದ್ದು ಎಂಜಿನ್ ಬಿಸಿಯಾದಂತೆ ಇಳಿಯಬೇಕು; ಇದು ಇಳಿಯಲಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ, ಸೈಲೆನ್ಸರ್ ಕೂಡ ಒಂದೇ ಸಲ ‘ಡುಗ್’ ಎನ್ನುತ್ತದೆ. ಐಡ್ಲಿಂಗನ್ನು ಆದಷ್ಟು ಇಳಿಸಿ ಕಿವಿಗೊಟ್ಟರೆ ಒಂದು ಡುಗ್ಗಿಗೆ ಎರಡು ಬಡಿತಗಳಿದ್ದವು, ಒಂದು ಗಟ್ಟಿ, ಇನ್ನೊಂದು ಮೆಲು. ಹಾಗಾದರೆ ಅದು ಟ್ಯಾಪೆಟ್ಟಿನ ಬಳಗದ್ದಲ್ಲ, ಕ್ರ್ಯಾಂಕಿನ ಜೊತೆಗೇ ತಿರುಗುವ ಯಾವುದೋ ಒಂದು. ಇಲ್ಲಿಯವರೆಗೆ ಮೆಕ್ಯಾನಿಕ್ ಹೇಳಿದ್ದೇ ಸರಿಯಿರಬಹುದೆಂದು ನನಗೂ ಅನ್ನಿಸಿತ್ತು. ಆದರೆ ಆಕ್ಸಿಲರೇಟರನ್ನು ಸ್ವಲ್ಪ ತಿರುಗಿಸಿದೊಡನೆ ಬಡಿತ ಮಾಯವಾಗುತ್ತಿತ್ತು, ಏರು ಹತ್ತುವಾಗ ಇರುತ್ತಲೇ ಇರಲಿಲ್ಲ. ಸವೆದ ರಾಡ್ ಬೇರಿಂಗ್ ಭಾರ ಬಿದ್ದಾಗ ಹೆಚ್ಚು ಬಡಿಯಬೇಕು. ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದಾಗಲೂ ಲೋಹದ ಚೂರು ಸಿಗಲಿಲ್ಲ.

ಗುಟ್ಟು ಬಯಲಾದದ್ದು ಆಕಸ್ಮಿಕವಾಗಿ. ಸಂಜೆ ಕತ್ತಲಾಯಿತೆಂದು ಹೆಡ್‌ಲೈಟ್ ಹಾಕಿದರೆ ಬಡಿತ ತಟ್ಟನೆ ಮೆತ್ತಗಾಯಿತು, ಆರಿಸಿದರೆ ಮತ್ತೆ ಗಟ್ಟಿಯಾಯಿತು. ಹತ್ತಾರು ಸಲ ಹಾಕಿ ಆರಿಸಿ ನೋಡಿದೆ. ಈ ಬೈಕಿನಲ್ಲಿ ಹೆಡ್‌ಲೈಟಿಗೆ ಕರೆಂಟು ಮ್ಯಾಗ್ನೆಟ್ಟಿನ (ಕ್ರ್ಯಾಂಕಿನ ಜೊತೆ ತಿರುಗುವ ಅಯಸ್ಕಾಂತದ ಚಕ್ರದ) ಕಾಯಿಲಿನಿಂದ ನೇರವಾಗಿ ಬರುತ್ತದೆ. ದೀಪದ ಹೊರೆ ಬಿದ್ದಾಗ ಕಾಯಿಲು ಮ್ಯಾಗ್ನೆಟ್ಟನ್ನು ಹಿಂದಕ್ಕೆಳೆಯುತ್ತದೆ. ಕ್ರ್ಯಾಂಕಿನ ತುದಿಯಲ್ಲಿ ಮ್ಯಾಗ್ನೆಟ್ ಸಡಿಲವಾಗಿದ್ದರೆ ಆ ಎಳೆತಕ್ಕೆ ಅದು ಒಂದೇ ಮಗ್ಗುಲಿಗೆ ಒತ್ತಿ ನಿಲ್ಲುತ್ತದೆ. ಆಗ ಇನ್ನೊಂದು ಸಂಗತಿಯೂ ನೆನಪಾಯಿತು. ಆ ತಿಂಗಳಲ್ಲಿ ಎರಡು ಮೂರು ಸಲ ಕಿಕ್ಕರ್ ತಿರುಗಿ ಒದ್ದಿತ್ತು, ನಾನು ನನ್ನ ಕಾಲನ್ನೇ ಬೈದುಕೊಂಡಿದ್ದೆ. ಕಿಡಿ ಹಾರುವ ಹೊತ್ತನ್ನು ನಿರ್ಧರಿಸುವುದೂ ಇದೇ ಮ್ಯಾಗ್ನೆಟ್ಟಾದ್ದರಿಂದ ಅದು ಅಲುಗಿದರೆ ಟೈಮಿಂಗ್ ಕೂಡ ಅಲುಗುತ್ತದೆ.

ಎಡಬದಿಯ ಮುಚ್ಚಳ ತೆಗೆದು ಮ್ಯಾಗ್ನೆಟ್ಟನ್ನು ಬಿಗಿದಿರುವ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಬಲವನ್ನೇ ಕೇಳದೆ ತಿರುಗಿತು. ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚಿದಾಗ ಕ್ರ್ಯಾಂಕಿನ ಟೇಪರಿನ (ತುದಿಯತ್ತ ಕಿರಿದಾಗುವ ಭಾಗದ) ಮೇಲೆ ತುಕ್ಕಿನ ಬಣ್ಣದ ಪುಡಿ ಕೂತಿತ್ತು, ಕ್ರ್ಯಾಂಕಿಗೂ ಮ್ಯಾಗ್ನೆಟ್ಟಿಗೂ ನಡುವೆ ಕೂರುವ ಅರ್ಧಚಂದ್ರಾಕಾರದ ಲೋಹದ ತುಂಡಾದ ಕೀಯ ಎರಡೂ ಅಂಚುಗಳು ಜಜ್ಜಿ ಮೆಟ್ಟಿಲಿನಂತಾಗಿದ್ದವು. ಬಹಳ ಜನ ಮ್ಯಾಗ್ನೆಟ್ಟನ್ನು ಹಿಡಿದಿಡುವುದು ಕೀ ಎಂದುಕೊಳ್ಳುತ್ತಾರೆ. ಕೀ ಕೂರುವ ಜಾಗವನ್ನಷ್ಟೇ ತೋರಿಸುತ್ತದೆ. ಹಿಡಿತವೆಲ್ಲ ಟೇಪರಿನದು, ಆ ಹಿಡಿತಕ್ಕೆ ಬೇಕಾದ ಬಿಗಿ ನಟ್ಟಿನದು. ಆದ್ದರಿಂದ ಹೊಸ ಕೀ ಹಾಕಿ ಮುಚ್ಚಿಬಿಡದೆ, ಕೀ ಇಲ್ಲದೆಯೇ ಟೇಪರಿಗೆ ನಯವಾದ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ, ಮ್ಯಾಗ್ನೆಟ್ಟನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸುತ್ತ ಎರಡೂ ಮೈಗಳು ಸುತ್ತಲೂ ಒಂದೇ ಸಮನೆ ಮಾಸಲು ಬಣ್ಣಕ್ಕೆ ತಿರುಗುವವರೆಗೆ ಉಜ್ಜಿದೆ. ಪೇಸ್ಟಿನ ಕಣವೂ ಉಳಿಯದಂತೆ ತೊಳೆದು, ಆಯಿಲಿನ ಪಸೆಯಿಲ್ಲದಂತೆ ಒರೆಸಿ, ಹೊಸ ಕೀ ಮತ್ತು ವಾಷರ್ ಕೂರಿಸಿ, ಮ್ಯಾನ್ಯುಯಲ್ಲಿನಲ್ಲಿರುವಷ್ಟೇ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಕೊಟ್ಟೆ. ನಟ್ಟಿನಿಂದ ಮ್ಯಾಗ್ನೆಟ್ಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆ.

ಮೊದಲ ಕಿಕ್ಕಿಗೇ ಎಂಜಿನ್ ಹಿಡಿಯಿತು, ಬಡಿತವಿರಲಿಲ್ಲ. ಟೈಮಿಂಗ್ ಲೈಟ್ ಹಿಡಿದಾಗ ಮ್ಯಾಗ್ನೆಟ್ಟಿನ ಮೇಲೆ ಕಿಡಿಯ ಹೊತ್ತನ್ನು ತೋರಿಸುವ ‘ಎಫ್’ ಗುರುತು ಅಲುಗದೆ ನಿಂತಿತ್ತು. 1,000 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಮುಚ್ಚಳ ತೆಗೆದು ನೋಡಿದೆ. ಬಿಳಿ ಗೆರೆ ಮುರಿಯದೆ ನೇರವಾಗಿಯೇ ಇತ್ತು.