32 ಬಿಟ್‌ಗೂ 64 ಬಿಟ್‌ಗೂ ಒಂದೇ ಕರ್ನಲ್ ಸೋರ್ಸ್: ರಿಸ್ಕ್-ಫೈವ್ ಮೇಲೆ ನಮ್ಮ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೂತು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಿಗೆ ಕಂಟ್ರೋಲರ್ ಬೋರ್ಡ್ ಮಾಡುತ್ತೇವೆ. ಪ್ರತಿ ಚೇಂಬರಿಗೆ ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಇಳಿಸಿದ 32 ಬಿಟ್ ರಿಸ್ಕ್-ಫೈವ್ (ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪ್ರೊಸೆಸರ್ ಮಾದರಿ) ಕೋರ್. ಎಲ್ಲ ಚೇಂಬರುಗಳ ಲೆಕ್ಕ ಇಡಲಿಕ್ಕೆ 64 ಬಿಟ್ ಚಿಪ್. ಎರಡರ ಮೇಲೂ ಓಡುವುದು ನಾವೇ ಬರೆದ ಸಣ್ಣ ಕರ್ನಲ್ (ಹಾರ್ಡ್‌ವೇರನ್ನು ನೇರವಾಗಿ ನಡೆಸುವ, ಆಪರೇಟಿಂಗ್ ಸಿಸ್ಟಮಿನ ತಿರುಳು), ಅದಕ್ಕೆ ಇರುವುದು ಒಂದೇ ಸೋರ್ಸ್.

ಒಂದೇ ಇರಬೇಕೋ ಎರಡಿರಬೇಕೋ ಎನ್ನುವುದಕ್ಕೆ ಲಿನಕ್ಸ್ ನೋಡಿದರೆ ಸಾಕು. ಇಂಟೆಲ್ ಮಾದರಿಯ ಚಿಪ್‌ಗಳ 32 ಮತ್ತು 64 ಬಿಟ್ ಕೋಡ್ ಬೇರೆ ಬೇರೆ ಡೈರೆಕ್ಟರಿಯಲ್ಲಿದ್ದವು. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಲ್ಲಿ ಅವನ್ನು ಒಂದು ಮಾಡಿದರು. ಮೊದಲು ಫೈಲ್ ಹೆಸರಿನ ಕೊನೆಗೆ 32, 64 ಹಚ್ಚಿ ಒಂದೇ ಕಡೆ ತಂದರು, ಬೆಸೆಯುವ ಕೆಲಸ ಆಮೇಲೆ ನಿಧಾನಕ್ಕೆ ನಡೆಯಿತು. ಆದರೆ 2012ರಲ್ಲಿ ಲಿನಕ್ಸ್‌ಗೆ 64 ಬಿಟ್ ಆರ್ಮ್ ಪ್ರೊಸೆಸರಿನ ಬೆಂಬಲ ಬಂದಾಗ ಅದಕ್ಕೆ ಪ್ರತ್ಯೇಕ ಡೈರೆಕ್ಟರಿಯನ್ನೇ ಕೊಟ್ಟರು. ಅದರ ಇನ್‌ಸ್ಟ್ರಕ್ಷನ್‌ಗಳೂ ಎಕ್ಸೆಪ್ಶನ್ ವ್ಯವಸ್ಥೆಯೂ ಹೊಸವು, ಹಾಗಾಗಿ ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ರಿಸ್ಕ್-ಫೈವ್‌ನಲ್ಲಿ ನಿಯಮಗಳು ಒಂದೇ, ಮುಖ್ಯವಾಗಿ ಬದಲಾಗುವುದು ರಿಜಿಸ್ಟರಿನ (ಪ್ರೊಸೆಸರಿನೊಳಗಿನ ಸಣ್ಣ ಸಂಗ್ರಹ) ಅಗಲ. ಇಲ್ಲಿ ಎರಡು ಪ್ರತಿ ಇಟ್ಟರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿದುಹೋಗುತ್ತದೆ.

ನಮ್ಮಲ್ಲಿ ಅಗಲವನ್ನು ಕೇಳುವ ಇಫ್‌ಡೆಫ್ (ಕಂಪೈಲ್ ಮಾಡುವಾಗ ಕೋಡಿನ ಒಂದು ಭಾಗವನ್ನು ಸೇರಿಸುವ ಅಥವಾ ಬಿಡುವ ಷರತ್ತು) ಇರುವುದು ಮೂರೇ ಫೈಲಿನಲ್ಲಿ: ಅಸೆಂಬ್ಲಿ ಹೆಡರ್, ಪೇಜ್ ಟೇಬಲ್ ಹೆಡರ್, ಗಡಿಯಾರದ ಫೈಲ್. ಬೇರೆಲ್ಲಾದರೂ ಕಂಡರೆ ಬಿಲ್ಡ್ ನಿಲ್ಲುವಂತೆ ಒಂದು ಗ್ರೆಪ್ (ಫೈಲುಗಳಲ್ಲಿ ಪದ ಹುಡುಕುವ ಕಮಾಂಡ್) ಹಾಕಿದ್ದೇವೆ.

ಅಸೆಂಬ್ಲಿ ಹೆಡರಿನಲ್ಲಿ ರಿಜಿಸ್ಟರ್ ಉಳಿಸುವ, ಓದುವ ಎರಡು ಮ್ಯಾಕ್ರೊ ಸಾಕು; 32ರಲ್ಲಿ ಅವು 4 ಬೈಟ್, 64ರಲ್ಲಿ 8 ಬೈಟ್. ಟ್ರ್ಯಾಪ್ ಫ್ರೇಮಿಗೆ (ಇಂಟರಪ್ಟ್ ಅಥವಾ ದೋಷ ಬಂದು ಕರ್ನಲಿಗೆ ಜಿಗಿಯುವಾಗ ರಿಜಿಸ್ಟರುಗಳನ್ನು ಉಳಿಸುವ ಜಾಗ) 31 ರಿಜಿಸ್ಟರ್, ಜೊತೆಗೆ ನಾಲ್ಕು ಸಿಎಸ್‌ಆರ್ (ಪ್ರೊಸೆಸರಿನ ಸ್ಥಿತಿ ಮತ್ತು ನಿಯಂತ್ರಣದ ವಿಶೇಷ ರಿಜಿಸ್ಟರ್) ಸೇರಿ 35 ಜಾಗ ಬೇಕು. ನಾವು 36 ಇಟ್ಟೆವು. ಸ್ಟ್ಯಾಕ್ 16 ಬೈಟಿಗೆ ಹೊಂದಿರಬೇಕು. 36 ಜಾಗಕ್ಕೆ 144 ಮತ್ತು 288 ಬೈಟ್ ಆಗುತ್ತದೆ, ಎರಡೂ 16ರಿಂದ ಭಾಗವಾಗುತ್ತವೆ. ಟ್ರ್ಯಾಪ್ ಆದದ್ದು ಇಂಟರಪ್ಟ್‌ನಿಂದಲೋ ಎಂದು ತಿಳಿಯಲಿಕ್ಕೆ ಕಾರಣದ ರಿಜಿಸ್ಟರಿನ 31ನೆಯ ಬಿಟ್ ನೋಡುವ ಕೋಡ್ 64ರಲ್ಲಿ ಕೆಲಸಕ್ಕೆ ಬಾರದು, ಅಲ್ಲಿ ಅದು 63ನೆಯ ಬಿಟ್. ಆ ರಿಜಿಸ್ಟರನ್ನು ಸೈನ್ಡ್ ಲಾಂಗ್ ಆಗಿ ಓದಿ ಸೊನ್ನೆಗಿಂತ ಕಡಿಮೆಯೇ ಎಂದು ಕೇಳಿ. ಇಫ್‌ಡೆಫ್ ಬೇಡವೇ ಬೇಡ.

ಪೇಜ್ ಟೇಬಲ್ (ಪ್ರೋಗ್ರಾಮಿನ ವಿಳಾಸವನ್ನು ಮೆಮೊರಿಯ ಭೌತಿಕ ವಿಳಾಸಕ್ಕೆ ಹೊಂದಿಸುವ ಪಟ್ಟಿ) ಹೆಚ್ಚು ಬೇರೆ ಕಾಣುತ್ತದೆ, ಆದರೆ ಅಷ್ಟು ಬೇರೆ ಇಲ್ಲ. 32 ಬಿಟ್‌ನ ಮಾದರಿಯಾದ ಎಸ್‌ವಿ32ರಲ್ಲಿ 2 ಹಂತ, ಹಂತಕ್ಕೆ 10 ಬಿಟ್. 64 ಬಿಟ್‌ನ ಮಾದರಿಯಾದ ಎಸ್‌ವಿ39ರಲ್ಲಿ 3 ಹಂತ, ಹಂತಕ್ಕೆ 9 ಬಿಟ್. ಟೇಬಲಿನ ಪ್ರತಿ ನಮೂದಿನ ಕೆಳಗಿನ 10 ಬಿಟ್‌ಗಳ ಅರ್ಥ ಎರಡರಲ್ಲೂ ಒಂದೇ, ಪೇಜ್ ನಂಬರ್ ಶುರುವಾಗುವುದೂ 10ನೆಯ ಬಿಟ್‌ನಿಂದಲೇ. ಹಂತ ಮತ್ತು ಬಿಟ್ ಎಂಬ ಎರಡು ಸಂಖ್ಯೆ ಬದಲಿಸಿದರೆ ಒಂದೇ ಫಂಕ್ಷನ್ ಎರಡಕ್ಕೂ ನಡೆಯುತ್ತದೆ. ಎಚ್ಚರ ಬೇಕಾದ್ದು ಭೌತಿಕ ವಿಳಾಸದ ಟೈಪಿನಲ್ಲಿ. ಎಸ್‌ವಿ32ರಲ್ಲಿ ಅದು 34 ಬಿಟ್. ಪಾಯಿಂಟರ್ ಅಗಲದ ಟೈಪಿನಲ್ಲೇ 12 ಬಿಟ್ ಎಡಕ್ಕೆ ಸರಿಸಿದರೆ ಮೇಲಿನ 2 ಬಿಟ್ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಮೊದಲು 64 ಬಿಟ್‌ಗೆ ಹಿಗ್ಗಿಸಿ, ಆಮೇಲೆ ಸರಿಸಬೇಕು.

ಗಡಿಯಾರದ ತಪ್ಪು ಬಹಳ ತಡವಾಗಿ ಕಾಣಿಸುವಂಥದ್ದು. 32ರಲ್ಲಿ ಟೈಮ್ ರಿಜಿಸ್ಟರ್ ಓದಿದರೆ ಸಿಗುವುದು ಕೆಳಗಿನ ಅರ್ಧ ಮಾತ್ರ. ಕ್ಯೂಇಎಂಯು (ಪ್ರೊಸೆಸರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಎಮ್ಯುಲೇಟರ್) ಒದಗಿಸುವ ವರ್ಟ್ ಯಂತ್ರದಂತೆ 10 ಮೆಗಾಹರ್ಟ್ಸ್ ಇದ್ದರೆ ಆ ಅರ್ಧ ಸುಮಾರು 429 ಸೆಕೆಂಡಿಗೆ ಸುತ್ತಿ ಸೊನ್ನೆಗೆ ಬರುತ್ತದೆ. ಐದು ನಿಮಿಷದ ಟೆಸ್ಟ್ ಪಾಸ್ ಆಗುತ್ತದೆ, ಏಳು ನಿಮಿಷ ದಾಟಿದ ಮೇಲೆ ಚೇಂಬರಿನ ಉಷ್ಣಾಂಶ ಓದುವ ಟೈಮರ್ ಹಳಿ ತಪ್ಪುತ್ತದೆ. ಮೇಲಿನ ಅರ್ಧ, ಕೆಳಗಿನ ಅರ್ಧ, ಮತ್ತೆ ಮೇಲಿನ ಅರ್ಧ ಓದಿ; ಮೇಲಿನದು ಬದಲಾಗಿದ್ದರೆ ಪುನಃ ಓದಿ. ಮೆಷಿನ್ ಮೋಡಿನಲ್ಲಿ (ಅತಿ ಹೆಚ್ಚು ಅಧಿಕಾರದ ಮೋಡ್) ಟೈಮರ್ ಇಂಟರಪ್ಟ್ ಯಾವಾಗ ಬರಬೇಕೆಂದು ಹೇಳುವ ಹೋಲಿಕೆಯ ರಿಜಿಸ್ಟರಿಗೆ ಬರೆಯುವಾಗ ಕೆಳಗಿನ ಅರ್ಧಕ್ಕೆ ಮೊದಲು ಎಲ್ಲ 1 ಬರೆದು, ಆಮೇಲೆ ಮೇಲಿನ ಅರ್ಧ, ಕೊನೆಗೆ ಕೆಳಗಿನ ನಿಜ ಬೆಲೆ ಬರೆಯಬೇಕು. ಇಲ್ಲದಿದ್ದರೆ ನಡುವೆ ಸುಳ್ಳು ಇಂಟರಪ್ಟ್ ಬರಬಹುದು.

ಬೋರ್ಡುಗಳ ನಡುವಿನ ಪ್ಯಾಕೆಟ್‌ನಲ್ಲಿ ಲಾಂಗ್ ಬಳಸಲೇಬಾರದು, ಒಂದು ಕಡೆ ಅದು 4 ಬೈಟ್, ಇನ್ನೊಂದು ಕಡೆ 8. ಅಗಲ ಹೆಸರಲ್ಲೇ ಇರುವ ಟೈಪುಗಳನ್ನೇ ಬಳಸಿ, ಸ್ಟ್ರಕ್ಟಿನ ಗಾತ್ರಕ್ಕೆ ಸ್ಟ್ಯಾಟಿಕ್ ಅಸರ್ಟ್ (ಗಾತ್ರ ತಪ್ಪಿದ್ದರೆ ಕಂಪೈಲ್ ನಿಲ್ಲಿಸುವ ಪರೀಕ್ಷೆ) ಹಾಕಿ.

ಲಿಂಕ್ ಹಂತದಲ್ಲಿ ಎರಡೂ ಕಡೆ ಬೇರೆ ಬೇರೆ ತಕರಾರು ಬರುತ್ತದೆ. 64 ಬಿಟ್ ಭಾಗಾಕಾರ ಇದ್ದರೆ 32ರಲ್ಲಿ ಲಿಬ್‌ಜಿಸಿಸಿ (ಕಂಪೈಲರಿನ ಸಹಾಯಕ ಲೈಬ್ರರಿ) ಸೇರಿಸದೆ ಲಿಂಕ್ ಆಗದು. 64ರಲ್ಲಿ ಹೆಕ್ಸ್ 80000000ರ ಮೇಲಿನ ವಿಳಾಸಕ್ಕೆ ಮೆಡ್‌ಲೋ ಮಾಡೆಲ್ (ವಿಳಾಸ ತಲುಪುವ ಬಗೆ ಹೇಳುವ ಕಂಪೈಲರ್ ಆಯ್ಕೆ) ಮುಟ್ಟುವುದಿಲ್ಲ, ರಿಲೊಕೇಶನ್ ದೋಷ ಬರುತ್ತದೆ, ಮೆಡ್‌ಎನಿ ಕೊಡಬೇಕು. ಓಪನ್‌ಎಸ್‌ಬಿಐ (ಕರ್ನಲಿಗೂ ಮೊದಲು ಓಡುವ ಫರ್ಮ್‌ವೇರ್) ಜೊತೆ ಬೂಟ್ ಮಾಡುವಾಗ ಕರ್ನಲನ್ನು 64ರಲ್ಲಿ ಹೆಕ್ಸ್ 80200000ಕ್ಕೆ, 32ರಲ್ಲಿ 80400000ಕ್ಕೆ ಇಡುತ್ತೇವೆ, ಏಕೆಂದರೆ 64ರಲ್ಲಿ ದೊಡ್ಡ ಪುಟ 2 ಎಂಬಿ, 32ರಲ್ಲಿ 4 ಎಂಬಿ. ಪ್ರತಿ ಕಮಿಟ್‌ಗೂ ಎರಡನ್ನೂ ಬಿಲ್ಡ್ ಮಾಡಿ, ಎರಡನ್ನೂ ಕ್ಯೂಇಎಂಯುವಿನಲ್ಲಿ ಹತ್ತು ನಿಮಿಷ ಓಡಿಸುತ್ತೇವೆ. ಏಳು ನಿಮಿಷಕ್ಕಿಂತ ಕಡಿಮೆ ಓಡಿಸಿದರೆ ಗಡಿಯಾರ ಒಂದು ಸುತ್ತು ಮುಗಿಸುವುದೇ ಇಲ್ಲ.