ತಾರಸಿಯ ನೀರು ಬಾವಿಗೆ ಇಳಿಸಿದ್ದು

ಕಾಸರಗೋಡು ವಿದ್ಯಾನಗರದ ನಮ್ಮ ಮನೆ ಬಾವಿ ಏಪ್ರಿಲ್ ಬಂತೆಂದರೆ ಬತ್ತುತ್ತಿತ್ತು. ಕೊಡಪಾನ ತಳದ ಮುರಕಲ್ಲಿಗೆ ಟಣ್ ಎಂದು ಬಡಿದರೆ ಅಮ್ಮನ ಮುಖ ಬಾಡುತ್ತಿತ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ಟ್ಯಾಂಕರ್ ನೀರಿಗೆ ಕಾಯುವುದು ಸಂಕಟ ಅಲ್ವಾ?

ಒಂದು ಚದರ ಮೀಟರ್ ತಾರಸಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ತಾರಸಿ 100 ಚದರ ಮೀಟರ್. ಅಷ್ಟೂ ಸುಮ್ನೆ ಗೇಟು ದಾಟಿ ಚರಂಡಿ ಸೇರುತ್ತಿತ್ತು.

ಆ ನೀರನ್ನು ಸೋಸಿ ಬಾವಿಗೆ ಬಿಡಲು 200 ಲೀಟರಿನ ಡ್ರಮ್ ತಂದೆ. ಅಡಿಗೆ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ, ಇದ್ದಿಲು, ಮೇಲೆ ಹೊಯ್ಗೆ, ಅಂದರೆ ಮರಳು. ಮೊದಲ ಸಲ ಹೊಯ್ಗೆ ತೊಳೆಯದೆ ಹಾಕಿದ್ದೆ, ಬಾವಿಗೆ ಕೆಸರು ನೀರೇ ಇಳಿಯಿತು. ಎಲ್ಲ ತೆಗೆದು, ನೀರು ತಿಳಿಯಾಗುವವರೆಗೆ ತೊಳೆದು ಮತ್ತೆ ತುಂಬಿದೆ. ತಾರಸಿಯಿಂದ ಡ್ರಮ್ಮಿಗೆ ಇಳಿಯುವ ಪೈಪಿನ ಬಾಯಿಗೆ ಪಕ್ಕದ ಮನೆಯ ಉಮ್ಮ ಹಳೆಯ ಮುಂಡು (ಪಂಚೆ) ಮಡಚಿ ಕಟ್ಟಿಕೊಟ್ಟರು. ಎಲೆ, ಕಸ ಅಲ್ಲೇ ನಿಲ್ಲುತ್ತದೆ. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಲೇಬೇಕು. ಧೂಳು, ಹಕ್ಕಿ ಹಿಕ್ಕೆ ಜಾಸ್ತಿ ಇರುತ್ತದೆ. ಕುಡಿಯಲು ಈಗಲೂ ಕುದಿಸಿದ ನೀರೇ.

ಈ ಏಪ್ರಿಲಿನಲ್ಲಿ ಬಾವಿಯಲ್ಲಿ ನಾಲ್ಕು ಅಡಿ ನೀರು ಉಳಿದಿತ್ತು. ಉಮ್ಮನ ಮನೆಗೂ ಡ್ರಮ್ ಬಂದಿದೆ. ಭಾನುವಾರ ಅವರ ಹೊಯ್ಗೆ ತೊಳೆಯಲು ಹೋಗಬೇಕು.